ದೊಡ್ಡಪೇಟೆಯಲ್ಲಿ ಹಳೇ ಪುಸ್ತಕ

ಕಾಲೇಜುಗಳು ಬಾಗಿಲು ತೆರೆಯುವ ದಿನಗಳ ಒಂದು ಭಾನುವಾರ. ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದಲ್ಲಿ ಬಸ್ಸಿಳಿದ ತಂದೆ, ಮಗಳು ಅವೆನ್ಯೂ ರಸ್ತೆಯ ಬಾಯಿಗೆ ಬಂದು ನಿಲ್ಲುತ್ತಾರೆ. ತಂದೆಯ ಕಂಕುಳಲ್ಲಿ ಮಡಿಸಿದ ಬಟ್ಟೆಚೀಲ, ಮಗಳ ಕೈಯಲ್ಲಿ ಪುಸ್ತಕಗಳ ಪಟ್ಟಿ. ಹತ್ತು ಹೆಜ್ಜೆ ಇಡುವಷ್ಟರಲ್ಲೇ ಕೂಗು ಕೇಳುತ್ತದೆ: ‘ಏನ್ ಬೇಕಮ್ಮಾ? ಪಿಯುಸಿನಾ, ಡಿಗ್ರಿನಾ? ಬನ್ನಿ ಸಾರ್, ನೋಡೋಕೆ ದುಡ್ಡಿಲ್ಲ!’

ನೋಡುವುದಕ್ಕೆ ದುಡ್ಡಿಲ್ಲ ಎಂಬುದು ನಿಜವೇ. ಆದರೆ ಇಲ್ಲಿ ನೋಡಲು ನಿಂತವರು ಬರಿಗೈಯಲ್ಲಿ ಹೋಗುವುದು ಅಪರೂಪ.

ಮೈಸೂರು ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ವೃತ್ತ ಮಾತ್ರ ಜನರ ಬಾಯಲ್ಲಿ ಮೈಸೂರು ಬ್ಯಾಂಕ್ ವೃತ್ತವಾಗಿಯೇ ಉಳಿದಿದೆ. ರಸ್ತೆಯದೂ ಇದೇ ಕಥೆ. ಫಲಕದಲ್ಲಿ ಅವೆನ್ಯೂ ರಸ್ತೆ, ಹಳಬರ ನೆನಪಿನಲ್ಲಿ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸುವಾಗ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದ್ದು ಈ ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಜಾಗದಲ್ಲಿಯೇ ಎಂದು ಪ್ರತೀತಿ. ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಸುಮಾರು ಒಂದು ಕಿಲೋಮೀಟರ್ ಉದ್ದದ ಈ ಇಕ್ಕಟ್ಟು ಬೀದಿಯಲ್ಲಿ ಒಡವೆ, ಮದುವೆ ಕಾಗದ, ಲೆಕ್ಕದ ಪುಸ್ತಕಗಳ ವ್ಯಾಪಾರ. ವಾರದ ದಿನಗಳಲ್ಲಿ ಕೈಗಾಡಿಯವರಿಗೂ ಸ್ಕೂಟರಿನವರಿಗೂ ದಾರಿಗಾಗಿ ಜಗಳ ತಪ್ಪಿದ್ದಲ್ಲ. ಭಾನುವಾರ ಸಗಟು ಅಂಗಡಿಗಳ ಬಾಗಿಲು ಮುಚ್ಚುತ್ತಲೇ ಆ ಬಾಗಿಲುಗಳ ಮುಂದೆಯೇ ಟಾರ್ಪಾಲು ಹಾಸಿಕೊಂಡು ಪುಸ್ತಕದವರು ಕೂರುತ್ತಾರೆ.

ಪುಸ್ತಕ ಇಲ್ಲಿಗೇ ಏಕೆ ಬಂತು ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ವೃತ್ತದ ಸುತ್ತ ಕಣ್ಣು ಹಾಯಿಸಿದರೆ ಸಾಕು. 1858ರಷ್ಟು ಹಿಂದೆಯೇ ಆರಂಭವಾದ ಸೆಂಟ್ರಲ್ ಕಾಲೇಜು, ಮಹಾರಾಣಿ ಕಾಲೇಜು, 1917ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದ ಎಂಜಿನಿಯರಿಂಗ್ ಕಾಲೇಜು, ಸರ್ಕಾರಿ ಕಲಾ ಕಾಲೇಜು... ಎಲ್ಲವೂ ನಡೆದು ಬರುವಷ್ಟು ದೂರದಲ್ಲಿವೆ. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿ ಉಳಿದ ಹುಡುಗ ಪರೀಕ್ಷೆ ಮುಗಿದ ಮರುದಿನ ಪುಸ್ತಕ ಮಾರಿ ಊರಿನ ಬಸ್ಸಿಗೆ ಕಾಸು ಹೊಂದಿಸಿಕೊಳ್ಳುತ್ತಿದ್ದ. ಮುಂದಿನ ತರಗತಿಯವನು ಅದನ್ನೇ ಕೊಳ್ಳುತ್ತಿದ್ದ. ವ್ಯಾಪಾರ ಇಂದಿಗೂ ಅದೇ. ಹೊಸ ಪುಸ್ತಕದ ಅರ್ಧ ಬೆಲೆಯ ಆಸುಪಾಸಿನಿಂದ ಚೌಕಾಸಿ ಶುರು. ವರ್ಷದ ಕೊನೆಗೆ ಹಾಳೆ ಹರಿಯದೆ ವಾಪಸು ತಂದರೆ ಒಂದಿಷ್ಟು ಕೈಗೆ ಸಿಗುತ್ತದೆ. ಇಬ್ಬರು ಮಕ್ಕಳು ಓದುವ ಮನೆಯಲ್ಲಿ ಈ ಅರ್ಧವೇ ಒಂದು ತಿಂಗಳ ಬಸ್ ಪಾಸೋ, ಹಾಸ್ಟೆಲಿನ ಊಟದ ಬಾಕಿಯೋ ಆಗುತ್ತದೆ.

‘ಹಳೇ ಪುಸ್ತಕ ಅಂದ್ರೆ ಕ್ಲಾಸಲ್ಲಿ ನಗ್ತಾರಪ್ಪಾ’ ಎಂದು ಮಗಳು ಮೆಲ್ಲಗೆ ಗೊಣಗುವುದು ಅಂಗಡಿಯವನ ಕಿವಿಗೂ ಬೀಳುತ್ತದೆ. ಅವನು ಮಾತಾಡದೆ ರಸಾಯನಶಾಸ್ತ್ರದ ಒಂದು ಸಂಪುಟ ತೆಗೆದು ಮುಂದಿಡುತ್ತಾನೆ. ಒಳಗೆ ಯಾರೋ ಪೆನ್ಸಿಲಿನಲ್ಲಿ ಎಷ್ಟು ಅಚ್ಚುಕಟ್ಟಾಗಿ ಗೀಟು ಎಳೆದಿದ್ದಾರೆಂದರೆ, ಪಾಠದಲ್ಲಿ ಯಾವುದು ಮುಖ್ಯ, ಯಾವ ಲೆಕ್ಕ ಪರೀಕ್ಷೆಯಲ್ಲಿ ಬಂದಿತ್ತು, ಎಲ್ಲಿ ಎಡವಬಾರದು ಎಂಬುದೆಲ್ಲ ಪುಟದ ಅಂಚಿನಲ್ಲೇ ಇದೆ. ಒಂದು ಕಡೆ ‘ಇದು ಅರ್ಥವಾಗಲಿಲ್ಲ’ ಎಂದು ಬರೆದು, ಕೆಳಗೆ ಬೇರೆ ಶಾಯಿಯಲ್ಲಿ ‘ಈಗ ಆಯಿತು’ ಎಂದಿದೆ. ಟ್ಯೂಷನ್ನಿಗೆ ದುಡ್ಡಿಲ್ಲದ ಮನೆಗೆ ಇಂಥ ಪುಸ್ತಕ ಹೊಸದಕ್ಕಿಂತ ಮೇಲು. ಎಲ್ಲಾ ಹಳೆ ಪುಸ್ತಕಗಳೂ ಹೀಗಿರುವುದಿಲ್ಲವೆನ್ನಿ. ಮೊದಲ ಎರಡು ಪಾಠಕ್ಕೆ ಮಾತ್ರ ಬಣ್ಣ ಬಳಿದು, ಆಮೇಲೆ ಒಮ್ಮೆಯೂ ತೆರೆಯದೆ ಬಿಟ್ಟವೇ ಹೆಚ್ಚು!

ಕೊಳ್ಳುವಾಗ ಎಚ್ಚರ ಬೇಕು. ಮೊದಲು ಪರಿಷ್ಕರಣೆಯ ವರ್ಷ ನೋಡಬೇಕು. ಕರ್ನಾಟಕದ ಪಿಯು ವಿಜ್ಞಾನ ವಿಭಾಗಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂದದ್ದು 2012-13ರಲ್ಲಿ. ಅದಕ್ಕೂ ಹಿಂದಿನದು ಉಪಯೋಗಕ್ಕಿಲ್ಲ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಿಂದ ಘನಸ್ಥಿತಿ, ಪಾಲಿಮರುಗಳಂಥ ಅಧ್ಯಾಯಗಳನ್ನು ಕೈಬಿಟ್ಟ ಪುಸ್ತಕ 2023ರಲ್ಲಿ ಬಂತು. ಹಾಗಾಗಿ ಅದಕ್ಕಿಂತ ಒಂದೆರಡು ವರ್ಷ ಹಳೆಯದನ್ನು ಕೊಂಡವರಿಗೆ ಪಾಠ ಕಡಿಮೆ ಬೀಳುವುದಿಲ್ಲ, ಹೆಚ್ಚೇ ಇರುತ್ತದೆ. ಇನ್ನು ಉತ್ತರಗಳಿರುವ ಕೊನೆಯ ಪುಟಗಳು ಇವೆಯೇ, ನಡುವೆ ಹಾಳೆ ಹಾರಿದೆಯೇ ಎಂದು ಅಲ್ಲೇ ನಿಂತು ನೋಡಿಬಿಡುವುದು ಒಳ್ಳೆಯದು.

ಓದುವವರ ಭಯ ಇಷ್ಟಾದರೆ, ಮಾರುವವನ ಭಯ ಇನ್ನೂ ದೊಡ್ಡದು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ರಾಜ್ಯದ ಪದವಿ ತರಗತಿಗಳ ಪಠ್ಯಕ್ರಮ ಬದಲಾಯಿತು. 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ನೀತಿ ಸರಿಯೋ ತಪ್ಪೋ, ಆ ಚರ್ಚೆ ದೊಡ್ಡವರದು. ಪಾದಚಾರಿ ಮಾರ್ಗದಲ್ಲಿ ಕೂತವನಿಗೆ ಆದದ್ದಿಷ್ಟು: ಮೂರು ವರ್ಷದಲ್ಲಿ ಎರಡು ಸಲ ಅವನ ರಾಶಿಯ ಎಷ್ಟೋ ಪುಸ್ತಕಗಳು ತೂಕದ ಲೆಕ್ಕದ ರದ್ದಿಯಾದವು. ಕಾನೂನು ಪುಸ್ತಕಗಳ ಪಾಡು ಇನ್ನೂ ವಿಚಿತ್ರ. 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂತು. ವಂಚಕರಿಗೆಲ್ಲ ಅಡ್ಡಹೆಸರಾಗಿದ್ದ ನಾನೂರ ಇಪ್ಪತ್ತು ಒಂದೇ ರಾತ್ರಿಯಲ್ಲಿ ಮುನ್ನೂರ ಹದಿನೆಂಟಾಯಿತು! ಆದರೆ ಅದಕ್ಕೂ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ಕಾನೂನೇ ಅನ್ವಯಿಸುವುದರಿಂದ ಕಿರಿಯ ವಕೀಲರು ಇನ್ನೂ ಆ ದಪ್ಪ ಸಂಪುಟಗಳನ್ನು ಕೇಳಿಕೊಂಡು ಬರುತ್ತಾರೆ. ವ್ಯಾಪಾರಿಗೆ ಅಷ್ಟೇ ಸಮಾಧಾನ.

ಪಟ್ಟಿಯ ಪುಸ್ತಕಗಳೆಲ್ಲ ಚೀಲ ಸೇರಿದ ಮೇಲೆ ನಿಜವಾದ ಬೇಟೆ ಶುರುವಾಗುತ್ತದೆ. ಈ ಬೀದಿಯಲ್ಲಿ ರೈಸ್ ಸ್ಮಾರಕ ಚರ್ಚು ಇದೆ. ಲಂಡನ್ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸ್ ಅವರ ನೆನಪಿನದು. ಅವರ ಮಗನೇ ನಾಡಿನುದ್ದಕ್ಕೂ ಅಲೆದು ಸಾವಿರಾರು ಶಾಸನಗಳನ್ನು ಓದಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತಂದ ಬಿ.ಎಲ್. ರೈಸ್. ಕಲ್ಲಿನ ಮೇಲಿನ ಹಳೆಯ ಅಕ್ಷರಕ್ಕಾಗಿ ಊರೂರು ಸುತ್ತಿದವರ ಮನೆತನದ ಹೆಸರು ಹೊತ್ತ ಚರ್ಚಿರುವ ಬೀದಿಯಲ್ಲಿ ಈಗ ಕಾಗದದ ಮೇಲಿನ ಹಳೆಯ ಅಕ್ಷರಕ್ಕಾಗಿ ಜನ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಗೈಡುಗಳ ಅಡಿಯಿಂದ ಕಾರಂತರ ‘ವಿಜ್ಞಾನ ಪ್ರಪಂಚ’ದ ಬಿಡಿ ಸಂಪುಟ ಇಣುಕಬಹುದು. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ಮೇಲೆ ಅಗ್ಗದ ದರದಲ್ಲಿ ಬರುವುದು ನಿಂತುಹೋದ ಮೀರ್ ಪ್ರಕಾಶನದ ಗಣಿತ, ಭೌತಶಾಸ್ತ್ರದ ಪುಸ್ತಕಗಳು ಸಿಗಬಹುದು. ಅವುಗಳಲ್ಲಿ ಇರೋದೊವನ ಭೌತಶಾಸ್ತ್ರದ ಲೆಕ್ಕಗಳನ್ನು ಐಐಟಿ ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳು ಇಂದಿಗೂ ಹುಡುಕುತ್ತಾರೆ. ಸಿಗದೆಯೂ ಇರಬಹುದು, ಅದು ಬೇಟೆಯ ನಿಯಮ. ಅಪರೂಪದ್ದೇ ಬೇಕೆನ್ನುವವರಿಗೆ ಬ್ರಿಗೇಡ್ ರಸ್ತೆಯ ಪಕ್ಕದ ಗಲ್ಲಿಯಲ್ಲಿ 1945ರಲ್ಲಿ ಸ್ಥಾಪನೆಯಾದ ಸೆಲೆಕ್ಟ್ ಬುಕ್ ಶಾಪ್ ಇದೆ, ಚರ್ಚ್ ಸ್ಟ್ರೀಟಿನ ಮಳಿಗೆಗಳಿವೆ. ಅಲ್ಲಿ ಪುಸ್ತಕ ಕಪಾಟಿನಲ್ಲಿ ಜೋಡಿಸಿಕೊಂಡು ನಿಂತಿರುತ್ತದೆ. ಇಲ್ಲಿ ಬಗ್ಗಿ ಹುಡುಕಬೇಕು, ಬೆರಳಿಗೆ ಧೂಳು ಮೆತ್ತಿಕೊಳ್ಳಬೇಕು.

ಮಗಳು ಅಷ್ಟರಲ್ಲಿ ಪಟ್ಟಿಯಲ್ಲಿಲ್ಲದ ಒಂದು ನಕ್ಷತ್ರಗಳ ಪುಸ್ತಕ ಹಿಡಿದು ರಸ್ತೆಯ ಗದ್ದಲವನ್ನೇ ಮರೆತಿದ್ದಾಳೆ. ‘ಕ್ಲಾಸಲ್ಲಿ ನಗ್ತಾರೆ’ ಎಂದವಳೇ ಅದರ ಮಾಸಿದ ರಟ್ಟನ್ನು ಅಂಗೈಯಿಂದ ಒರೆಸುತ್ತಾಳೆ. ತಂದೆ ಪಠ್ಯಪುಸ್ತಕಗಳಿಗೆ ಕಾಲು ಗಂಟೆ ಚೌಕಾಸಿ ಮಾಡಿ, ಹತ್ತು ರೂಪಾಯಿಗೂ ಪಟ್ಟು ಹಿಡಿದಿದ್ದಾರೆ. ಇನ್ನೇನು ಹೊರಡಬೇಕು, ಆಗ ಅವರ ಕಣ್ಣಿಗೆ ದಾರ ಕಟ್ಟಿದ ಒಂದು ಕಟ್ಟು ಬೀಳುತ್ತದೆ. ಹಳೆಯ ‘ಚಂದಮಾಮ’ ಸಂಚಿಕೆಗಳು, ಮೇಲಿನದರಲ್ಲಿ ಬೆನ್ನಿಗೆ ಬೇತಾಳನನ್ನು ಹೊತ್ತ ವಿಕ್ರಮನ ಚಿತ್ರ. ಈಗ ಅಂಗಡಿಗಳಿಗೆ ಬಾರದ ಪತ್ರಿಕೆ. ಅವರು ಮಂಡಿಯೂರಿ ಕೂತು ದಾರ ಬಿಚ್ಚಿ ಒಂದೊಂದನ್ನೇ ತಿರುವುತ್ತಾರೆ.

‘ಅಪ್ಪಾ, ಬಸ್ಸಿಗೆ ಹೊತ್ತಾಯ್ತು’ ಎನ್ನುತ್ತಾಳೆ ಮಗಳು.

‘ಇರು, ಒಂದು ನಿಮಿಷ’ ಎಂದವರು ಅಂಗಡಿಯವನು ಹೇಳಿದ ಬೆಲೆಯನ್ನು ಒಂದು ಮಾತೂ ಆಡದೆ ಎಣಿಸಿಕೊಟ್ಟು, ಕಟ್ಟನ್ನು ನಕ್ಷತ್ರಗಳ ಪುಸ್ತಕದ ಜೊತೆಗೇ ಚೀಲಕ್ಕಿಳಿಸುತ್ತಾರೆ.