ವಿಹಾರದ ಏಳು ದಿನಗಳು

ನಿವೃತ್ತಿಯ ಹಣ ಕೈಸೇರಿದ ನಮ್ಮ ಮಿತ್ರರೊಬ್ಬರು, "ವರ್ಷಕ್ಕೆ ಏಳು ದಿನ ವಿಹಾರಗೃಹದಲ್ಲಿ ತಂಗುವ ಹಕ್ಕನ್ನು ಕೊಳ್ಳಬಹುದೇ?" ಎಂದು ಕೇಳಿದರು. ಉತ್ತರ ಹೇಳುವ ಮೊದಲು ಅವರೊಡನೆ ನಾವು ಕೂಡ್ಲಿಗಿಯಲ್ಲಿ ಬಸ್ಸು ಹತ್ತಿದೆವು.

ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರನ ದರ್ಶನವಾಯಿತು. ಹಗರಿಬೊಮ್ಮನಹಳ್ಳಿಯ ಬಳಿ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಕೆರೆಯಲ್ಲಿ ಹಕ್ಕಿಗಳ ಹಿಂಡನ್ನು ಕಂಡೆವು. ಹಡಗಲಿ ಸೀಮೆಯ ಮೈಲಾರದಲ್ಲಿ ತುಂಗಭದ್ರೆಯ ಸ್ನಾನವಾಯಿತು. ಕಡೆಗೆ ಹರಪನಹಳ್ಳಿಗೆ ಬಂದು, ಸಮೀಪದ ಬಾಗಳಿಯಲ್ಲಿ 987ರ ಶಾಸನವುಳ್ಳ ಕಲ್ಲೇಶ್ವರನ ಗುಡಿಯ ನೆರಳಿನಲ್ಲಿ ಲೆಕ್ಕಕ್ಕೆ ಕುಳಿತೆವು.

ಮಡಿಕೇರಿ ಮೊದಲಾದೆಡೆ ವಿಹಾರಗೃಹಗಳುಳ್ಳ ಕ್ಲಬ್ ಮಹೀಂದ್ರಾದ ಹೆಸರಾದ ಕರಾರು 25 ವರ್ಷಗಳದು. ವರ್ಷಕ್ಕೆ 7 ರಾತ್ರಿ. ಬೆಲೆಯನ್ನು ಮೊದಲೇ ಒಪ್ಪಿಕೊಳ್ಳಬೇಕು. ಅದರ ಮೇಲೆ ವಾರ್ಷಿಕ ಶುಲ್ಕ ಬೇರೆ. ಹೋಗದ ವರ್ಷವೂ ಆ ಶುಲ್ಕ ತಪ್ಪದು. ಶಾಲೆಗಳ ರಜೆ ಎಲ್ಲರಿಗೂ ಒಂದೇ ಕಾಲಕ್ಕಾದ್ದರಿಂದ, ಬೇಕೆಂದಾಗ ಕೋಣೆ ದೊರೆಯುವುದು ನಿಶ್ಚಯವಲ್ಲ. ಕೊಂಡದ್ದು ಮನೆಯಲ್ಲ, ತಂಗುವ ಹಕ್ಕು. ಮಾರಹೋದರೆ ಕೊಟ್ಟ ಬೆಲೆ ಬರುವುದು ದುರ್ಲಭ. ಪ್ರತಿವರ್ಷ ತಪ್ಪದೆ ಪ್ರವಾಸ ಹೊರಡುವ ತರುಣ ಸಂಸಾರಕ್ಕೆ ಇದು ಒಪ್ಪೀತು. ಆದರೆ ಮಿತ್ರರಿಗೆ ಈಗ 60. ಕರಾರು ತೀರುವಾಗ 85!

ಅವರು ನಕ್ಕು, "ಈ ಊರುಗಳು ಮುಂಗಡ ಕೇಳಲಿಲ್ಲವಲ್ಲ!" ಎಂದರು. ಹಣ ಅಂಚೆಕಚೇರಿಯಲ್ಲಿ ಬಡ್ಡಿಗೆ ಹೋಯಿತು.

ವಾಚಕರೇ, ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ವರ್ಷ ಪ್ರವಾಸ ಹೋದಿರೆಂದು ಮೊದಲು ಎಣಿಸಿರಿ. ಹತ್ತೂ ಆದರೆ ಮಾತ್ರ ಸಹಿ ಹಾಕುವ ಯೋಚನೆ ಮಾಡಿರಿ.