ಮನಿಲಾದಲ್ಲಿ ಒಂಬತ್ತು ಚೆಂಡಿನ ಜಾದೂ

ಮನಿಲಾ ಮಹಾನಗರದಲ್ಲಿ ಓಡಾಡುವವರು ‘ಎಡ್ಸಾ’ ಹೆದ್ದಾರಿಯನ್ನು ತಪ್ಪಿಸಿಕೊಳ್ಳಲಾರರು. ಸುಮಾರು 24 ಕಿ.ಮೀ. ಉದ್ದದ ಈ ರಸ್ತೆಯ ಮೇಲೆಯೇ 1986ರಲ್ಲಿ ಲಕ್ಷಾಂತರ ಜನ ಸೇರಿ ಸರ್ವಾಧಿಕಾರಿ ಮಾರ್ಕೋಸ್‌ನನ್ನು ಗದ್ದುಗೆಯಿಂದ ಇಳಿಸಿದ್ದು. ಢಾಳಾದ ಬಣ್ಣ ಬಳಿದ ಜೀಪ್ನಿಗಳು ದಶಕಗಳ ಕಾಲ ಈ ಊರಿನ ಗುರುತಾದವು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಬೆಂಚು ಜೋಡಿಸಿ ಜನ ಕಟ್ಟಿಕೊಂಡ ವಾಹನವದು.

ಅಮೆರಿಕನ್ನರು ಬಿಟ್ಟುಹೋದ ಇನ್ನೊಂದು ವಸ್ತು ಪೂಲ್ ಮೇಜು. 1898ರಿಂದ 1946ರವರೆಗೆ ಅವರು ಈ ದ್ವೀಪಗಳನ್ನು ಆಳಿದರು. ಸೈನಿಕ ನೆಲೆಗಳು ಆಮೇಲೂ ಉಳಿದವು. ಸೈನಿಕರು ಹೊತ್ತು ಕಳೆಯಲು ಆಡುತ್ತಿದ್ದ ಆಟ ಊರ ಮಾರುಕಟ್ಟೆಗೂ ಓಣಿಗೂ ಇಳಿದು ‘ಬಿಲ್ಯಾರ್’ ಆಯಿತು. ಇಂಗ್ಲೆಂಡಿನಲ್ಲಿ ಕ್ಲಬ್ಬಿನ ಸೂಟುಬೂಟಿನವರ ನಡುವೆ ಬೆಳೆದ ಬಿಲಿಯರ್ಡ್ಸಿಗೂ ಇಲ್ಲಿ ಚಪ್ಪಲಿ ಹಾಕಿಕೊಂಡು ಆಡುವ ಬಿಲ್ಯಾರ್‌ಗೂ ಅಜಗಜಾಂತರ.

ಎಡ್ಸಾ ರಸ್ತೆಯ ಉತ್ತರ ಭಾಗ ಇರುವುದು ಕೆಸಾನ್ ಸಿಟಿಯಲ್ಲಿ. 1948ರಿಂದ 1976ರವರೆಗೆ ದೇಶದ ರಾಜಧಾನಿಯಾಗಿದ್ದ ನಗರವಿದು. ಇಲ್ಲಿನ ಒಂದು ಭಾರಿ ಮಾಲ್‌ನಲ್ಲಿ 2009ರ ಸೆಪ್ಟೆಂಬರಿನಲ್ಲಿ ಪೂಲ್ ವಿಶ್ವಕಪ್ ನಡೆಯಿತು. ಹೊರಗೆ ಮಳೆಗಾಲ, ಒಳಗೆ ಹವಾನಿಯಂತ್ರಣ, ಟೀವಿ ದೀಪಗಳು, ನಡುವೆ ನೀಲಿ ಬಟ್ಟೆ ಹೊದಿಸಿದ ಮೇಜು. 2006ರಲ್ಲಿ ವೇಲ್ಸ್‌ನ ನ್ಯೂಪೋರ್ಟಿನಲ್ಲಿ ಆರಂಭವಾದ ಈ ಪಂದ್ಯಾವಳಿ 2009ರಿಂದ 2012ರವರೆಗೆ ಸತತ ನಾಲ್ಕು ಸಲ ಫಿಲಿಪೈನ್ಸ್‌ನಲ್ಲೇ ನಡೆಯಿತು. ಭಾರತವೂ ಇದರಲ್ಲಿ ಹಲವು ಬಾರಿ ತಂಡ ಕಳಿಸಿದೆ.

ಆಟ ‘ನೈನ್ ಬಾಲ್’. ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದ ಚೆಂಡುಗಳು. ಮೇಜಿನ ಮೇಲಿರುವುದರಲ್ಲಿ ಅತಿ ಚಿಕ್ಕ ಅಂಕಿಯ ಚೆಂಡನ್ನೇ ಬಿಳಿ ಚೆಂಡು ಮೊದಲು ಮುಟ್ಟಬೇಕು. ಒಂಬತ್ತನ್ನು ನಿಯಮಬದ್ಧವಾಗಿ ಗುಳಿಗೆ ಬೀಳಿಸಿದವರಿಗೆ ಗೆಲುವು. ಒಂದು ದೇಶಕ್ಕೆ ಇಬ್ಬರು ಆಟಗಾರರು. ಇಬ್ಬರೂ ಒಂದೊಂದು ಹೊಡೆತವನ್ನು ಸರದಿಯಲ್ಲಿ ಹೊಡೆಯಬೇಕು. ಇಡೀ ಆಟದ ಸೊಗಸೂ ಸಂಕಟವೂ ಈ ನಿಯಮದಲ್ಲೇ ಇದೆ. ಒಬ್ಬನೇ ಆಡುವಾಗ ಬಿಳಿ ಚೆಂಡನ್ನು ತನಗೆ ಅನುಕೂಲವಾದ ಕಡೆ ನಿಲ್ಲಿಸಿಕೊಂಡರೆ ಸಾಕು. ಇಲ್ಲಿ ಜೊತೆಗಾರನಿಗೆ ಯಾವ ಕೋನ ಹಿತ, ಯಾವ ದೂರ ಕಷ್ಟ ಎಂದು ತಿಳಿದಿರಬೇಕು. ತಾನು ಚೆಂಡು ಹಾಕಿಯೂ ಜೊತೆಗಾರನನ್ನು ಇಕ್ಕಟ್ಟಿಗೆ ಸಿಕ್ಕಿಸಿದವನ ಮುಖ ನೋಡುವಂತಿರುತ್ತದೆ!

ಕ್ಯಾರಂ ಆಡಿದ ಮಕ್ಕಳಿಗೆ ಇದರ ಅರ್ಧ ಲೆಕ್ಕ ಗೊತ್ತೇ ಇದೆ. ಕ್ಯಾರಂ ಸ್ಟ್ರೈಕರ್ ಕಾಯಿಗಿಂತ ಸುಮಾರು ಮೂರು ಪಟ್ಟು ತೂಕ. ಹಾಗಾಗಿ ಬಡಿದ ಮೇಲೂ ಅದು ಮುಂದೆ ಸಾಗುತ್ತದೆ. ಪೂಲ್‌ನಲ್ಲಿ ಎಲ್ಲ ಚೆಂಡುಗಳೂ 57 ಮಿ.ಮೀ. ವ್ಯಾಸದವು, ತೂಕವೂ ಹೆಚ್ಚುಕಡಿಮೆ ಒಂದೇ. ಬಿಳಿ ಚೆಂಡು ಉರುಳದೆ ಜಾರುತ್ತ ಬಂದು ಇನ್ನೊಂದಕ್ಕೆ ನೇರವಾಗಿ ಬಡಿದರೆ ತನ್ನ ವೇಗವನ್ನೆಲ್ಲ ಅದಕ್ಕೆ ಒಪ್ಪಿಸಿ ಅಲ್ಲೇ ನಿಂತುಬಿಡುತ್ತದೆ. ಓರೆಯಾಗಿ ಬಡಿದರೆ ಎರಡೂ ಸುಮಾರು 90 ಡಿಗ್ರಿ ಕೋನದಲ್ಲಿ ಅಗಲುತ್ತವೆ. ಸಂವೇಗ ಮತ್ತು ಚಲನಶಕ್ತಿ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿದ ಹತ್ತನೆಯ ತರಗತಿಯ ಜಾಣ ಇದನ್ನು ಕಾಗದದ ಮೇಲೆ ಸಾಧಿಸಬಲ್ಲ. ಚೆಂಡಿನ ಕೆಳಭಾಗಕ್ಕೆ ಕೋಲು ತಾಗಿಸಿದರೆ ಅದು ಬಡಿದ ಮೇಲೆ ಹಿಂದಕ್ಕೆ ಬರುತ್ತದೆ. ಮೇಲ್ಭಾಗಕ್ಕೆ ತಾಗಿಸಿದರೆ ಮುಂದೆ ಹೋಗುತ್ತದೆ. ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲೇ ಬಿಲಿಯರ್ಡ್ಸ್‌ನ ಗಣಿತದ ಮೇಲೆ ಒಂದು ಪುಸ್ತಕ ಬರೆದ. ಭೂಮಿಯ ಆವರ್ತನೆಯಿಂದ ಗಾಳಿ ಓರೆಯಾಗಿ ಬೀಸುವುದರ ಪಾಠದಲ್ಲಿ ಹೆಸರು ಬರುವ ಕೊರಿಯೊಲಿಸ್ ಇವನೇ. ಉಣ್ಣೆಯ ಬಟ್ಟೆ ತೇವ ಹೀರಿದರೆ ಚೆಂಡಿನ ಓಟ ಕುಗ್ಗುತ್ತದೆ ಎಂಬುದನ್ನೂ ಸೇರಿಸಿಕೊಂಡರೆ, ಮನಿಲಾದಂಥ ಜಡಿಮಳೆಯ ಊರಿನಲ್ಲಿ ಕಲಿತವನ ಕೈ ಯಾಕೆ ಪಳಗುತ್ತದೆಂದು ಊಹಿಸಬಹುದು.

ಹಾಗೆ ಪಳಗಿದವರಲ್ಲಿ ಎಫ್ರೆನ್ ರೆಯೆಸ್ ಮೊದಲಿಗರು. 1954ರಲ್ಲಿ ಪಂಪಾಂಗ ಪ್ರಾಂತ್ಯದ ಮೆಕ್ಸಿಕೊ ಎಂಬ ಊರಿನಲ್ಲಿ ಜನನ. ಐದನೆಯ ವಯಸ್ಸಿಗೆ ಮನಿಲಾದಲ್ಲಿದ್ದ ಸೋದರಮಾವನ ಮನೆ ಸೇರಿದರು. ಮಾವನದು ಪೂಲ್ ಹಾಲ್. ಹಗಲೆಲ್ಲ ಅಲ್ಲೇ ಚಾಕರಿ; ರಾತ್ರಿ ಗಿರಾಕಿಗಳು ಹೋದ ಮೇಲೆ ಮೇಜಿನ ಮೇಲೇ ನಿದ್ದೆ. ಮೇಜು ಎಟುಕದಿದ್ದಾಗ ಸೋಡಾ ಬಾಟಲಿಯ ಕ್ರೇಟುಗಳ ಮೇಲೆ ನಿಂತು ಆಡುತ್ತಿದ್ದ ಹುಡುಗ ಬೆಳೆದು ‘ಜಾದೂಗಾರ’ ಎನಿಸಿಕೊಂಡರು. 1985ರಲ್ಲಿ ಸೀಸರ್ ಮೊರಾಲೆಸ್ ಎಂಬ ಸುಳ್ಳು ಹೆಸರಿನಲ್ಲಿ ಹ್ಯೂಸ್ಟನ್‌ನಲ್ಲಿ ಆಡಿ ಗೆದ್ದರು. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ಚಾಂಪಿಯನ್ ಆದರು.

ಇಷ್ಟು ಓದಿ ಪೂಲ್ ಹಾಲ್‌ಗೆ ಹೊರಡಲಿರುವ ವಿದ್ಯಾರ್ಥಿ ಸ್ವಲ್ಪ ತಾಳಬೇಕು. ರೆಯೆಸ್ ಚಿಕ್ಕಂದಿನಿಂದಲೇ ಹಣ ಕಟ್ಟಿ ಆಡಿದವರು. ಆ ದೇಶದ ಆಟಗಾರರು ಪಳಗಿದ್ದೇ ಪಣದ ಆಟದಲ್ಲಿ. ಒಂದೊಂದು ಮೇಜಿನ ಸುತ್ತಲೂ ಶಾಲೆ ಬಿಟ್ಟು ಕೂಲಿಯ ಕಾಸನ್ನು ಸೋತು ಮನೆಗೆ ಮರಳುವ ಹುಡುಗರಿದ್ದಾರೆ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಮಗ ಬಿಲ್ಯಾರ್ ಕಡೆ ನಡೆದರೆ ಕದ ಹಾಕಿಕೊಳ್ಳುವ ಮನಿಲಾದ ತಾಯಂದಿರನ್ನು ತಪ್ಪೆನ್ನಲಾಗದು. ಆದರೆ ದಿನಕ್ಕೆ ಹತ್ತಾರು ಗಂಟೆ ಒಂದೇ ಹೊಡೆತವನ್ನು ತಿದ್ದಿಕೊಂಡ ಆ ತಾಳ್ಮೆಯನ್ನು ಜೂಜೆಂದು ತಳ್ಳಿಹಾಕುವುದೂ ಸರಿಯಲ್ಲ. ಎರಡೂ ಒಂದೇ ಕೋಣೆಯಲ್ಲಿ ಬೆಳೆದವು.

2006ರ ಮೊದಲ ವಿಶ್ವಕಪ್ಪಿನಲ್ಲಿ ರೆಯೆಸ್ ಮತ್ತು ಫ್ರಾನ್ಸಿಸ್ಕೊ ಬುಸ್ತಮಾಂತೆ ಜೋಡಿ ಅಮೆರಿಕವನ್ನು ಸೋಲಿಸಿತ್ತು. 2009ರಲ್ಲಿ ತಮ್ಮ ಜನರ ಮುಂದೆ ಅದೇ ಜೋಡಿ ಮತ್ತೆ ಇಳಿದಾಗ ರೆಯೆಸ್‌ಗೆ 55, ಬುಸ್ತಮಾಂತೆಗೆ 45 ವರ್ಷ. ಎದುರಿಗೆ ಜರ್ಮನಿಯ ರಾಲ್ಫ್ ಸೌಕೆ ಮತ್ತು ಥಾರ್ಸ್ಟನ್ ಹೋಮನ್. ಸೋತಿದ್ದರೆ ವಯಸ್ಸಾಯಿತೆಂದು ಊರೇ ಆಡಿಕೊಳ್ಳುತ್ತಿತ್ತು. ಗೆದ್ದರು. ಮುಂದಿನ ಮೂರು ವರ್ಷ ತವರಿನಲ್ಲೇ ಕಪ್ ಕೈಬಿಟ್ಟು ಚೀನಾ, ಜರ್ಮನಿ, ಫಿನ್ಲೆಂಡ್‌ಗಳ ಪಾಲಾಯಿತು. 2013ರಲ್ಲಿ ಲಂಡನ್ನಿನ ಯಾರ್ಕ್ ಹಾಲ್‌ನಲ್ಲಿ ಡೆನ್ನಿಸ್ ಒರ್ಕೊಲ್ಲೊ ಮತ್ತು ಲೀ ವಾನ್ ಕೊರ್ತೆಸಾ ಅದನ್ನು ಮರಳಿ ತಂದರು. 2023ರಲ್ಲಿ ಸ್ಪೇನಿನ ಲೂಗೊದಲ್ಲಿ ಜೇಮ್ಸ್ ಅರಾನಸ್ ಮತ್ತು ಯೋಹಾನ್ ಚುವಾ ಗೆದ್ದರು.

ರೆಯೆಸ್ ಆಟ ಬಿಡಲಿಲ್ಲ. 2022ರ ಮೇ ತಿಂಗಳಲ್ಲಿ ಹನೋಯ್‌ನಲ್ಲಿ ನಡೆದ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಅವರು ಗುಳಿಗಳೇ ಇಲ್ಲದ ಮೇಜಿನ ಕ್ಯಾರಮ್ ಬಿಲಿಯರ್ಡ್ಸ್ ಆಡಿ ಕಂಚಿನ ಪದಕ ಪಡೆದರು. ಆಗ ಅವರ ವಯಸ್ಸು 67.