ಮುಚ್ಚದ ಟ್ಯಾಗುಗಳು

ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ವೆಬ್ ಪುಟಗಳಾಗಿಸಲು ನಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಪ್ರತಿ ಸಾಲಿನ ಕೊನೆಗೊಂದು ಬಿಆರ್ ಟ್ಯಾಗ್. ಅಲ್ಲಿಗೆ ಸಾಲು ಮುರಿದು ಕೆಳಗಿಳಿಯಬೇಕು. ಪರದೆಯಲ್ಲಿ ನೋಡಿದರೆ ಎರಡೆರಡು ಸಾಲಿನ ನಡುವೆ ಒಂದು ಖಾಲಿ ಸಾಲು! ಅಜ್ಜಿ ಒಂದೇ ಉಸಿರಿಗೆ ಹಾಡುತ್ತಿದ್ದ ಜಾಗದಲ್ಲೆಲ್ಲ ಕಂದಕ.

ತಪ್ಪು ಸಿಗುವ ಹೊತ್ತಿಗೆ ರಾತ್ರಿಯಾಗಿತ್ತು. ನನ್ನ ಪ್ರೋಗ್ರಾಂ ತೆರೆದ ಟ್ಯಾಗನ್ನೆಲ್ಲ ಶಿಸ್ತಾಗಿ ಮುಚ್ಚುತ್ತಿತ್ತು, ಬಿಆರ್ ಅನ್ನೂ. ಅದಕ್ಕೆ ಮುಚ್ಚುವ ಟ್ಯಾಗೇ ಇಲ್ಲ. ಹಾಗೊಂದು ಕಂಡರೆ ಬ್ರೌಸರ್ ಅದನ್ನು ಇನ್ನೊಂದು ಬಿಆರ್ ಎಂದೇ ಎಣಿಸುತ್ತದೆ.

ಆಗ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಲ್ಲಿ ಸಿಕ್ಕಿದ್ದು ‘ವಾಯ್ಡ್ ಎಲಿಮೆಂಟ್ಸ್’ ಎಂಬ ಪ್ಯಾಕೇಜು. ಒಳಗೆ ಲೆಕ್ಕವಿಲ್ಲ, ತರ್ಕವಿಲ್ಲ, ಮುಚ್ಚದ ಟ್ಯಾಗುಗಳ ಹೆಸರಷ್ಟೆ. ಈಗಿನ ಎಚ್‌ಟಿಎಂಎಲ್ ಮಾನದಂಡದಲ್ಲಿ ಅಂಥವು 13. ಹಳೆಯ ಪಟ್ಟಿಗಳಲ್ಲಿ ಬಳಕೆ ತಪ್ಪಿದ ಪ್ಯಾರಂ ಕೂಡ ಉಂಟು. ಪ್ರಭವ, ವಿಭವ ಎಂದು ಸಂವತ್ಸರ ಒಪ್ಪಿಸಿದ ಹಾಗೆ ಈಗಲೂ ಹೇಳಿಕೊಳ್ಳುತ್ತೇನೆ: ಏರಿಯಾ, ಬೇಸ್, ಬಿಆರ್, ಕಾಲ್, ಎಂಬೆಡ್, ಎಚ್‌ಆರ್, ಐಎಂಜಿ, ಇನ್‌ಪುಟ್, ಲಿಂಕ್, ಮೆಟಾ, ಸೋರ್ಸ್, ಟ್ರ್ಯಾಕ್, ಡಬ್ಲ್ಯುಬಿಆರ್.

ಬಾಯಿಪಾಠವೇ ಗತಿ, ಯಾಕೆಂದರೆ ಸೂತ್ರವಿಲ್ಲ. ಹೊಟ್ಟೆಯೊಳಗೆ ಏನೂ ಇಲ್ಲದ್ದೆಲ್ಲ ಈ ಪಂಕ್ತಿಗೆ ಸೇರುವುದಿಲ್ಲ. ಐಎಂಜಿ ಹೊರಗಿನ ಚಿತ್ರವೊಂದನ್ನು ಕರೆಯುತ್ತದೆ, ಮುಚ್ಚಬೇಕಿಲ್ಲ. ಸ್ಕ್ರಿಪ್ಟ್ ಕೂಡ ಹೊರಗಿನ ಕಡತವನ್ನು ಕರೆಯಬಲ್ಲದು, ಆದರೆ ಅದನ್ನು ಮುಚ್ಚಲೇಬೇಕು. ಮರೆತರೆ ಮುಂದಿನ ಪುಟವನ್ನೆಲ್ಲ ಅದು ನುಂಗುತ್ತದೆ. ಹೀಗೇಕೆ ಎಂದರೆ ಚರಿತ್ರೆಯನ್ನೇ ಕೇಳಬೇಕು. ಐಎಂಜಿಯನ್ನು 1993ರ ಫೆಬ್ರವರಿಯಲ್ಲಿ ಸೂಚಿಸಿದವರು ಮೊಸಾಯಿಕ್ ಬ್ರೌಸರ್ ಕಟ್ಟುತ್ತಿದ್ದ ಮಾರ್ಕ್ ಆಂಡ್ರೀಸನ್. 2000ದಲ್ಲಿ ಬಂದ ಎಕ್ಸ್‌ಎಚ್‌ಟಿಎಂಎಲ್ ಎಲ್ಲ ಟ್ಯಾಗನ್ನೂ ಮುಚ್ಚಿ ಎಂದಿತು. ಬಿಆರ್ ಪಕ್ಕ ಒಂದು ಓರೆಗೆರೆ ಬಂತು. ಇಂದಿನ ಎಚ್‌ಟಿಎಂಎಲ್‌ನಲ್ಲಿ ಆ ಗೆರೆಗೆ ಅರ್ಥವಿಲ್ಲ, ನನ್ನ ಬೆರಳು ಮಾತ್ರ ಅದನ್ನು ಬಿಟ್ಟಿಲ್ಲ.

ಪಟ್ಟಿಯಲ್ಲಿ ನನಗೆ ತೀರ ಇಷ್ಟವಾದದ್ದು ಕೊನೆಯ ಡಬ್ಲ್ಯುಬಿಆರ್. ಬಿಆರ್ ಆಜ್ಞೆಯಾದರೆ ಇದು ಅನುಮತಿ: ಜಾಗ ಸಾಲದಿದ್ದರೆ ಪದವನ್ನು ಇಲ್ಲಿ ಮುರಿಯಬಹುದು, ಸಾಕಾದರೆ ಬೇಡ. ಜಾಗವಿದ್ದಾಗ ಅದು ಇರುವುದೇ ಗೊತ್ತಾಗದು. ಸಂಧಿ ಸಮಾಸಗಳಲ್ಲಿ ಮಾರುದ್ದ ಬೆಳೆಯುವ ನಮ್ಮ ಪದಗಳಿಗೆ ಎಂಥ ಉಪಕಾರ!

ಅಜ್ಜಿಯ ಹಾಡೊಂದರಲ್ಲಿ ಅಂಥದೇ ಉದ್ದನೆಯ ಪದವಿದೆ. ಫೋನಿನ ಪರದೆಯಿಂದ ಹೊರಗೆ ಚಾಚಿಕೊಂಡಿತ್ತು. ಎಲ್ಲಿ ಮುರಿಯಲಿ ಎಂದು ಮತ್ತೆ ಮತ್ತೆ ಗುನುಗಿ ನೋಡಿದೆ. ಹಾಡುವಾಗ ಅವಳು ಆ ಪದವನ್ನು ನಡುವೆ ಒಂದಿಷ್ಟು ಎಳೆಯುತ್ತಿದ್ದಳಲ್ಲ, ಅಲ್ಲೇ ಡಬ್ಲ್ಯುಬಿಆರ್ ಇಟ್ಟೆ.